ಅತ್ತೆ ಇಳಿಯುವ ಸ್ಟಾಪುಗಳು

ನಮ್ಮ ಸೋದರತ್ತೆಗಿರುವಷ್ಟು ಸ್ನೇಹಿತರು ಬೆಂಗಳೂರಿನಲ್ಲಿ ಯಾವ ರಾಜಕಾರಣಿಗೂ ಇರಲಾರರು! ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಹೊರಟರೆ ಆಕೆ ಒಂದೇ ಬಸ್ಸಿನಲ್ಲಿ ತಲುಪಿದ ಉದಾಹರಣೆಯೇ ಇಲ್ಲ. ಇಂದಿರಾನಗರ ಬರುವಷ್ಟರಲ್ಲಿ, "ಇಲ್ಲೇ ಇರು, ಫ್ರೆಂಡೊಬ್ರನ್ನ ಮಾತಾಡಿಸ್ಕೊಂಡು ಬಂದ್ಬಿಡ್ತೀನಿ" ಎಂದು ನನ್ನನ್ನು ಸ್ಟಾಪಿನಲ್ಲಿ ಕೂರಿಸಿ ಮಾಯ. ಹಲಸೂರಿನಲ್ಲಿ ಟೈಲರಮ್ಮ, ರಸೆಲ್ ಮಾರುಕಟ್ಟೆಯ ಹತ್ತಿರ ಅತ್ತರಿನ ಅಂಗಡಿಯವರ ಹೆಂಡತಿ. ಎಲ್ಲ ಸ್ನೇಹವೂ ಹತ್ತೇ ನಿಮಿಷದ್ದು! ನಮ್ಮ ಮನೆಯವರಿಗೆ ಬಾಗಿಲಲ್ಲಿ ನಿಂತು "ಬರ್ತೀವಿ" ಅನ್ನುವುದಕ್ಕೇ ಅರ್ಧ ಗಂಟೆ ಬೇಕು.

ಮದುವೆಮನೆಯಲ್ಲಿ ಆಕೆಗೆ ಬಾಗಿಲ ಪಕ್ಕದ ಕೊನೆಯ ಕುರ್ಚಿಯೇ ಆಗಬೇಕು. ಫೋಟೋಗೆ ಕರೆದರೆ ಆಳೇ ಇಲ್ಲ. ನಮ್ಮ ಮನೆಯಲ್ಲಿ ಎಲೆ ಹಾಕಿದರೆ ಮೊಸರನ್ನ ಮಾತ್ರ. "ನಮ್ಮನೆ ಅಡುಗೆ ಅವ್ರ ನಾಲಿಗೆಗೆ ಹಿಡಿಸಲ್ಲ" ಎಂದು ಅಮ್ಮ ಮುಖ ಊದಿಸುತ್ತಿದ್ದಳು. ಆದರೆ ಕೆಲವು ವರ್ಷ ಇದೇ ಅತ್ತೆ ಒಬ್ಬಟ್ಟನ್ನು ಕೇಳಿ ಕೇಳಿ ಹಾಕಿಸಿಕೊಂಡದ್ದೂ ಉಂಟು! ಇಂಥವರನ್ನು ಏನೆನ್ನಬೇಕು? ನಾವು ತಿಕ್ಕಲು ಎಂದೆವು.

ಈ ವರ್ಷ ನನ್ನ ಹೊಟ್ಟೆ ಕೆಟ್ಟಿತು. ಕೆಟ್ಟದ್ದು ಸರಿಹೋಗಲೇ ಇಲ್ಲ. ರಕ್ತ ಹೋಗತೊಡಗಿತು, ಬಟ್ಟೆ ಸಡಿಲವಾಯಿತು, ಮನೆಯಿಂದ ಹೊರಗೆ ಕಾಲಿಡಲು ಹೆದರಿಕೆ. ಕೆಲಸ ಬಿಡುವುದೆಂದು ನಿರ್ಧರಿಸಿದ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಶಿವಾಜಿನಗರದ ಡಾಕ್ಟರರ ಹತ್ತಿರ ಅಪ್ಪನೂ ನಾನೂ ಹೊರಟಾಗ, ಕರೆಯದಿದ್ದರೂ ಅತ್ತೆ ಹಿಂದೆ ಬಂದಳು. ಅಲ್ಲೂ ಬಾಗಿಲ ಪಕ್ಕದ ಕುರ್ಚಿಯೇ!

"ಇದು ಕರುಳಿನ ಉರಿಯೂತ. ಮನೇಲಿ ಇನ್ಯಾರಿಗಾದ್ರೂ ಇದೆಯಾ?" ಎಂದರು ಡಾಕ್ಟರು.

ಅಪ್ಪ ಎದೆಯುಬ್ಬಿಸಿದರು. "ನಮ್ಮ ವಂಶದಲ್ಲಾ? ಕಲ್ಲು ತಿಂದ್ರೂ ಕರಗಿಸ್ತೀವಿ ಸಾರ್!"

"ನನಗಿದೆ ಡಾಕ್ಟ್ರೇ," ಎಂದಳು ಅತ್ತೆ. "ಮದುವೆಗೆ ಮುಂಚಿಂದ."

ಅಪ್ಪ ಕುರ್ಚಿಯನ್ನೇ ಅವಳತ್ತ ತಿರುಗಿಸಿದರು. "ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಯಾರು ಮದುವೆ ಆಗ್ತಿದ್ರು? ಆಮೇಲೆ, ಇವಳ ಮದುವೆಗೂ ಅಡ್ಡ ಬಂದೀತು ಅಂತ ಬಾಯಿ ಮುಚ್ಕೊಂಡೆ."

ರಕ್ತಸಂಬಂಧದಲ್ಲಿದ್ದರೆ ಬರುವ ಸಾಧ್ಯತೆ ಹೆಚ್ಚು, ಆದರೆ ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಒಮ್ಮೊಮ್ಮೆ ಕೆರಳುತ್ತದೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ಮನಿರುತ್ತದೆ, ಔಷಧಿ ಮಾತ್ರ ಬಿಡಬಾರದು. ಸುಮ್ಮನಿದ್ದ ವರ್ಷಗಳು ಯಾವುವೆಂದು ನನಗೆ ಗೊತ್ತಿತ್ತು. ಒಬ್ಬಟ್ಟಿನ ವರ್ಷಗಳು!

ಅಪ್ಪ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತರು. ನಾವಿಬ್ಬರೂ ಬಸ್ಸು ಹತ್ತಿದೆವು. ಹಲಸೂರು ಹತ್ತಿರ ಬರುತ್ತಿದ್ದಂತೆ ನಾನು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದೆ. ಅತ್ತೆ ನನ್ನ ಮುಖ ನೋಡಿದವಳೇ ಕೈ ಹಿಡಿದು ಇಳಿಸಿಕೊಂಡಳು.

"ವಾಂಗ ಅಕ್ಕಾ" ಎಂದು ತಮಿಳಿನಲ್ಲಿ ಬರಮಾಡಿಕೊಳ್ಳುತ್ತಾ ಟೈಲರಮ್ಮ ಮಿಷನ್ ಬಿಟ್ಟೆದ್ದು ಒಳಗಿನ ಟಾಯ್ಲೆಟ್ಟಿನ ಚಿಲಕ ತೆಗೆದರು. ಅಷ್ಟು ಪಳಗಿದ ಕೈ.

"ಇವತ್ತು ನಾನಲ್ಲ ರೀ, ಇವಳು," ಎಂದು ಅತ್ತೆ ನನ್ನನ್ನು ಮುಂದೆ ತಳ್ಳಿದಳು. "ನಮ್ಮಣ್ಣನ ಮಗಳು. ಇನ್ಮೇಲೆ ಒಬ್ಬಳೇ ಬಂದ್ರೂ ಬಾಗಿಲು ತೆಗೀರಿ."

ಒಳಗೆ ಕೂತು ಅತ್ತುಬಿಟ್ಟೆ. ಹೊರಗಿನಿಂದ ಅತ್ತೆಯ ದನಿ ಕೇಳಿಸಿತು: "ನಿಧಾನಕ್ಕೆ ಬಾ ಕಣೇ. ಇಂದಿರಾನಗರದವರಿಗೂ ಪರಿಚಯ ಮಾಡಿಸ್ಬೇಕು. ಸೋಮವಾರ ನೀನು ಆಫೀಸಿಗೆ ಹೋಗ್ಬೇಕಲ್ಲ!"