ಲೋರ್ನಾಳ ಗುಂಡುಸೂಜಿಗಳು

ಎಲ್‌ವುಡ್ ಕ್ರೆಬ್ಸ್‌ನ ಅಂದಿನ ಪಾಡಿಗೆಲ್ಲ ಕಾರಣ, ಹೆಂಡತಿ ಲೋರ್ನಾಳ ಹೊಲಿಗೆ ಡಬ್ಬದಿಂದ ಹೇಳದೆ ಕೇಳದೆ ಎತ್ತಿಕೊಂಡು ಬಂದಿದ್ದ ಗುಂಡುಸೂಜಿಗಳು.

ಚರ್ಚಿನ ನೆಲಮಾಳಿಗೆಯ ಪುಟಾಣಿ ರೈಲು ಸಂಘದಲ್ಲಿ ಅವನು ಆರು ವರ್ಷದಿಂದ ತಾತ್ಕಾಲಿಕ ಸದಸ್ಯ. ರೈಲು ಓಡಿಸುವ ಗುಂಡಿ ಮುಟ್ಟುವ ಭಾಗ್ಯ ಕಾಯಂ ಸದಸ್ಯರಿಗೆ ಮಾತ್ರ. ಕಾಯಂ ಆಗಬೇಕಾದರೆ ತಾನೇ ಹಳಿಯ ಒಂದು ತಿರುವು ಹಾಕಬೇಕು, ಹತ್ತು ಡಬ್ಬಿಯ ರೈಲು ಅದರ ಮೇಲೆ ಹಳಿ ತಪ್ಪದೆ ಹೋಗಿಬರಬೇಕು. ಅಲ್ಲಿಯವರೆಗೆ ಹಳಿಯನ್ನು ಅದರಡಿಯ ಮೆತ್ತನೆಯ ಕಾರ್ಕ್ ಪಟ್ಟಿಗೆ ಸೂಜಿ ಚುಚ್ಚಿಯೇ ನಿಲ್ಲಿಸಬೇಕು. ಅಂಟಿನ ಮಾತು ಆಮೇಲೆ.

ಎಲ್‌ವುಡ್‌ನ ಪಾಲಿಗೆ ಬಂದದ್ದು ಬಾಗಿಲ ತಿರುವು. ಉಂಗುರದಂತಿದ್ದ ದೊಡ್ಡ ಮೇಜಿನ ನಡುವಿಗೆ ಹೋಗಿಬರಲು ಎತ್ತುವ ಹಲಗೆಯೊಂದಿತ್ತು. ಎಲ್ಲರೂ ಒಳಸೇರಿದ ಮೇಲೆ ಅದನ್ನು ಇಳಿಸಿ, ಅದರ ಮೇಲೆ ಮೇಜಿನ ಈ ಕಡೆಯಿಂದ ಆ ಕಡೆಗೆ ಹಳಿ ಹಾಸಿದ.

"ಚೂರು ಎಡಕ್ಕೆ ಕಣೋ," ಎಂದ ಗೆಳೆಯ ವರ್ನನ್.

"ಎಡಕ್ಕಾ? ಬಲಕ್ಕೆ ಎಳಿ," ಎಂದ ಅಧ್ಯಕ್ಷ ಡೇಲ್.

ಇಬ್ಬರ ಮಾತೂ ಕೇಳಿ ಹಳಿ ಹಾವಾಯಿತು. ಮೂರನೆಯ ಸಲ ಎಲ್ಲ ಸರಿಮಾಡುವಷ್ಟರಲ್ಲಿ ಚರ್ಚಿನ ಮಹಡಿಯಲ್ಲಿ ಕೌದಿ ಹೊಲಿಯುತ್ತಿದ್ದ ಲೋರ್ನಾ ಧಡಧಡನೆ ಇಳಿದು ಬಂದಳು.

"ಅಲ್ಲಿ ಎಂಟು ಹೆಂಗಸ್ರು ಕೌದಿ ಹಿಡ್ಕೊಂಡು ಕೂತಿದಾರೆ, ಇಲ್ಲಿ ನನ್ನ ಸೂಜಿ ಇಟ್ಕೊಂಡು ಆಟಾನಾ?"

"ಹತ್ತೇ ನಿಮಿಷ ಕಣೇ!"

"ಆರು ವರ್ಷದಿಂದ ಇದೇ ಹತ್ತು ನಿಮಿಷ!"

ಅವನು ಅಂಗಲಾಚುತ್ತಿದ್ದಂತೆಯೇ ಕಳೆ ಕೀಳುವಂತೆ ಒಂದೊಂದೇ ಸೂಜಿ ಕಿತ್ತುಕೊಂಡು ಹೊರಟೇಹೋದಳು.

"ಟೈಮ್ ಆಯ್ತು," ಎಂದು ಡೇಲ್ ಗುಂಡಿ ತಿರುಗಿಸಿದ. ಎಲ್‌ವುಡ್ ಕಣ್ಣು ಮುಚ್ಚಿಕೊಂಡ. ರೈಲು ಹೋಯಿತು, ಬಂತು. ಹಳಿ ಕೂದಲೆಳೆಯಷ್ಟೂ ಅಲುಗಲಿಲ್ಲ!

"ಗಂಡ ಹೆಂಡ್ತಿ ಜಗಳ ಆಡ್ತಿದ್ರಲ್ಲ, ಆಗ ಅಂಟು ಹಾಕಿಬಿಟ್ಟೆ," ಎಂದು ವರ್ನನ್ ಕಿವಿಯಲ್ಲಿ ಉಸುರಿದ. "ಅರೆಕ್ಷಣದಲ್ಲಿ ಹಿಡಿಯೋ ಅಂಟು. ಬಾಯಿ ಬಿಡ್ಬೇಡ."

ಎಲ್‌ವುಡ್‌ಗೆ ಹೋದ ಜೀವ ಬಂದಂತಾಯಿತು. ಡೇಲ್ ಕೈಕುಲುಕಿದ. "ಇವತ್ತಿಂದ ನೀನು ಕಾಯಂ! ಮೊದ್ಲು ಪೈ ತಿನ್ನೋಣ, ಆಮೇಲೆ ಗುಂಡಿ ನಿನ್ನ ಕೈಗೆ."

ಆಪಲ್ ಪೈ ಇದ್ದದ್ದು ಮೇಜಿನ ಉಂಗುರದ ಹೊರಗೆ. ಡೇಲ್ ಹಲಗೆ ಎತ್ತಲು ಹೋದ. ಏಳಲಿಲ್ಲ. ಅಂಟಿದ ಹಳಿ ಹಲಗೆಯನ್ನು ಮೇಜಿಗೇ ಬಿಗಿದಿತ್ತು. ಮಂಡಿನೋವಿನ ಡೇಲ್ ಮೇಜಿನಡಿ ನುಸುಳುವಂತಿರಲಿಲ್ಲ. ಭುಜ ಕೊಟ್ಟು ನೂಕಿದ. ಹಲಗೆ ಎದ್ದಿತು, ತಿರುವು ಮುರಿದು ಅವನ ಕೈಗೇ ಬಂತು.

ಅಂಟಿನ ಗುಟ್ಟು ಬಯಲಾಯಿತು, ಸಂಘದಿಂದಲೇ ಓಡಿಸುತ್ತಾರೆಂದು ಎಲ್‌ವುಡ್ ಬೆವೆತ. ವರ್ನನ್ ಸೂರು ನೋಡುತ್ತಿದ್ದ.

"ನೀನು ಕಾಯಂ ಆಗಿದ್ದು ಈ ತಿರುವಿಂದ. ತಿರುವೇ ಇಲ್ವಲ್ಲಪ್ಪ," ಎಂದ ಡೇಲ್. "ಮುಂದಿನ ಶನಿವಾರ ಇನ್ನೊಂದ್ಸಲ ಹಾಕು."

ಅಷ್ಟೇ ತಾನೇ! ಎಲ್‌ವುಡ್ ನಿಟ್ಟುಸಿರು ಬಿಟ್ಟು, ಮತ್ತೆ ತಾತ್ಕಾಲಿಕ ಸದಸ್ಯನಾಗಿ ನೆಮ್ಮದಿಯಿಂದ ಎರಡು ತುಂಡು ಪೈ ತಿಂದ.

ಮೂರನೆಯದಕ್ಕೆ ಕೈ ಹಾಕುವಾಗ ಲೋರ್ನಾ ಇಳಿದುಬಂದು ಹೊಲಿಗೆ ಡಬ್ಬವನ್ನು ಅವನ ಮುಂದಿಟ್ಟಳು.

"ಕೌದಿ ಮುಗೀತು. ತಗೋ, ಇನ್ನು ಸೂಜಿ ಎಲ್ಲಾ ನಿಂದೇ."