ತೀರ್ಪುಗಾರರಿಗೆ ಹಗ್ಗ ಕಟ್ಟಿದ ಮಾಮಿ

ನೀಲಗಿರಿ ಬೆಟ್ಟಗಳು ಇಷ್ಟೊಂದು ಮಳೆಗೂ ಜಾರಿಹೋಗದೆ ಇದ್ದ ಕಡೆಯೇ ಇರುವುದಕ್ಕೆ ಕಾರಣ ಯಾರು ಗೊತ್ತೇ? ಬಂಡೆ, ಬೇರು, ಶೋಲಾ ಕಾಡು ಅಂತ ತಿಳಿದವರು ಏನೇನೋ ಹೇಳುತ್ತಾರೆ. ನಂಬಬೇಡಿ! ಕಾರಣ ನನ್ನ ಅಪ್ಪನ ತಂಗಿ. ಅವಳು ಹಗಲೂ ಇರುಳೂ ಚಿಂತೆ ಮಾಡಿ ಮಾಡಿಯೇ ಈ ಬೆಟ್ಟಗಳನ್ನು ಹಿಡಿದು ನಿಲ್ಲಿಸಿದ್ದಾಳೆ.

ನಮ್ಮ ಕಡೆ ಅಪ್ಪನ ತಂಗಿಗೆ ಮಾಮಿ ಎನ್ನುತ್ತೇವೆ. ಮಾಮಿ ಮದುವೆಯಾಗಲಿಲ್ಲ. ಗಂಡ ಅಂತ ಒಬ್ಬ ಬಂದರೆ ಅವನ ಚಿಂತೆಯೂ ಶುರುವಾಗುತ್ತದಲ್ಲ ಎಂಬ ಚಿಂತೆ! ಇತ್ತಲಾರು ಎಂಬ ಹಳ್ಳಿಯ ನಮ್ಮ ಮನೆಯಲ್ಲೇ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಊಟಿಗೆ ಹೋಗಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಮಾಡುತ್ತಿದ್ದಳು. ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟೇ ಆಗಬೇಕು. ಪ್ರತಿ ತಿರುವಿನಲ್ಲೂ ಒಮ್ಮೆ ಕೆಮ್ಮುತ್ತಿದ್ದಳು, ಅವನು ನಿದ್ದೆ ಹೋಗದಿರಲಿ ಎಂದು. ಆ ದಾರಿಯಲ್ಲಿ ತಿರುವು ಬಿಟ್ಟು ಬೇರೇನಿದೆ ಹೇಳಿ? ಒಂದು ದಿನ ಡ್ರೈವರ್ ಬಸ್ ನಿಲ್ಲಿಸಿ, ಅಂಗಡಿಯಿಂದ ಕೆಮ್ಮಿನ ಮಾತ್ರೆ ತಂದುಕೊಟ್ಟ. ಅಂದಿನಿಂದ, ಇಷ್ಟು ಒಳ್ಳೆಯ ಹುಡುಗನಿಗೆ ಏನಾದರೂ ಆದರೆ ಎಂಬ ಹೊಸ ಚಿಂತೆ ಸೇರಿಕೊಂಡಿತು.

ನಾನು ಮದರಾಸಿಗೆ ಹೋಗಿ ಪರಿಸರ ವಿನ್ಯಾಸ ಓದುತ್ತೇನೆಂದಾಗ ಮನೆಯಲ್ಲಿ ಯಾರಿಗೂ ಅದೇನೆಂದು ತಿಳಿಯಲಿಲ್ಲ. ಊಟಿಯ ಸಸ್ಯೋದ್ಯಾನದಲ್ಲಿ ಹೂವಿನ ಪಾತಿ ಮಾಡುವ ಕೆಲಸ ಇರಬೇಕೆಂದು ಅಪ್ಪ ಅಂದುಕೊಂಡರು. ಮಾಮಿ ಮಾತ್ರ ಬಿಡಲಿಲ್ಲ.

"ಬೆಟ್ಟ, ಹಳ್ಳ, ಕಾಡು ಎಲ್ಲಾ ದೇವರೇ ಮಾಡಿ ಇಟ್ಟಾಯ್ತು. ನೀ ಏನ ವಿನ್ಯಾಸ ಮಾಡೋದು, ಕೂಸೇ?"

"ಮಾಮಿ, ಮನುಷ್ಯ ಅದರ ಮೇಲೆ ಮನೆ, ದಾರಿ, ಶಾಲೆ ಕಟ್ಟುತ್ತಾನಲ್ಲ? ಮಳೆ ಬಂದರೆ ನೀರು ಎಲ್ಲಿ ಹೋಗುತ್ತೆ, ಮಣ್ಣು ಜಾರುತ್ತಾ, ಗಾಳಿ ಬೆಳಕು ಬರುತ್ತಾ ಅಂತ ಮೊದಲೇ ಯೋಚನೆ ಮಾಡೋದು."

ಮಾಮಿಯ ಕಣ್ಣು ಅರಳಿತು. "ಅಂದ್ರೆ ಏನಾದ್ರೂ ಆಗೋಕೆ ಮುಂಚೇನೇ ಚಿಂತೆ ಮಾಡೋದು! ಅದಕ್ಕ ಡಿಗ್ರಿ ಬೇರೆ ಕೊಡ್ತಾರಾ?"

ತಾನು ಇಷ್ಟು ವರ್ಷ ಡಿಗ್ರಿಯಿಲ್ಲದೆ ಮಾಡಿದ ಕೆಲಸಕ್ಕೆ ವಿಶ್ವವಿದ್ಯಾಲಯವೇ ಇದೆ ಎಂದು ತಿಳಿದು ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಪ್ಪನನ್ನು ಒಪ್ಪಿಸಿದವಳೂ ಅವಳೇ.

ಆದರೆ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಕಷ್ಟವಾಯಿತು. ನಮ್ಮ ತೋಟದ ಚಹಾ ಎಲೆಗೆ ಫ್ಯಾಕ್ಟರಿಯವರು ಕೊಡುವ ಬೆಲೆ ಬಿದ್ದಿತ್ತು. ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. "ಇಷ್ಟು ಓದಿದ್ದು ಸಾಕು ಕೂಸೇ, ಬಂದುಬಿಡು" ಎಂದರು. ನನಗೆ ಉಳಿದದ್ದು ಒಂದೇ ದಾರಿ. ಪರಿಸರ ವಿನ್ಯಾಸ ಓದುವವರಿಗೆಂದೇ ಮದರಾಸಿನ ಒಂದು ಟ್ರಸ್ಟ್ ವರ್ಷಕ್ಕೊಬ್ಬರಿಗೆ ಪ್ರಶಸ್ತಿ ಕೊಡುತ್ತಿತ್ತು. ಪ್ರಶಸ್ತಿ ಬಂದವರ ಕೊನೆಯ ವರ್ಷದ ಖರ್ಚೆಲ್ಲ ಟ್ರಸ್ಟಿನದೇ. ನಮ್ಮೂರ ಶಾಲೆಯ ಹಿಂದೆ ಮಳೆಗಾಲದಲ್ಲಿ ಮಣ್ಣು ಕುಸಿಯುವ ಒಂದು ಇಳಿಜಾರಿದೆ. ಅದನ್ನು ನೀರುಗಾಲುವೆ, ಮೆಟ್ಟಿಲು, ಆಳಕ್ಕೆ ಬೇರು ಬಿಡುವ ಗಿಡಗಳಿಂದ ಭದ್ರಪಡಿಸಿ ಮಕ್ಕಳಿಗೆ ಆಟದ ಜಾಗ ಮಾಡುವ ನಕ್ಷೆ ಬರೆದು ಕಳಿಸಿದೆ. ಕೊನೆಯ ಸುತ್ತಿಗೆ ಆಯ್ಕೆಯಾಯಿತು! ತೀರ್ಪುಗಾರರಿಬ್ಬರು ಜಾಗ ನೋಡಲು ಇತ್ತಲಾರಿಗೇ ಬರುತ್ತಾರೆ ಎಂದರು.

ನಾನು ನಕ್ಷೆಗಳನ್ನೆಲ್ಲ ಹೊತ್ತು ಊರಿಗೆ ಬಂದೆ. ನನಗೆ ಊಟ ಸೇರಲಿಲ್ಲ. ಮಾಮಿಗೋ, ಊಟ ಸೇರದ ನನ್ನನ್ನು ನೋಡಿ ಊಟ ಸೇರಲಿಲ್ಲ.

"ಯಾವ ಕಾರಲ್ಲಿ ಬರ್ತಾರೆ?" ಎಂದು ಕೇಳಿದಳು.

"ಬಿಳಿ ಅಂಬಾಸಡರ್ ಅಂತೆ." ಯಾಕೆ ಕೇಳಿದಳೆಂದು ನಾನು ಯೋಚಿಸಲಿಲ್ಲ. ಯೋಚಿಸಬೇಕಿತ್ತು!

ತೀರ್ಪುಗಾರರು ಬಂದಿಳಿದರು. ಒಬ್ಬರು ದಪ್ಪನೆಯ ಹಿರಿಯ ಪ್ರೊಫೆಸರು. ಇನ್ನೊಬ್ಬರು ಕೂದಲು ಗಿಡ್ಡವಾಗಿ ಕತ್ತರಿಸಿಕೊಂಡ, ಮಾತೇ ಆಡದ ಮೇಡಂ. ಪ್ರೊಫೆಸರರ ಮುಖ ಕೆಂಪಾಗಿತ್ತು. ಅವರ ಎರಡೂ ಕೈಗಳಲ್ಲಿ ನಿಂಬೆಹಣ್ಣುಗಳಿದ್ದವು.

"ಯಾರಮ್ಮಾ ನಮ್ಮನ್ನು ಹಿಂಬಾಲಿಸ್ತಾ ಇರೋದು?" ಎಂದರು ತಮಿಳಿನಲ್ಲಿ. "ಮೇಟ್ಟುಪಾಳಯದಲ್ಲಿ ಯಾರೋ ಕಾರು ತಡೆದು ನಿಂಬೆಹಣ್ಣು ಕೊಟ್ಟರು. ಕೂನೂರಿನಲ್ಲಿ ಒಬ್ಬರು ವಾಂತಿ ಆಯ್ತಾ ಅಂದರು. ಆಗಲಿಲ್ಲ ಅಂದಿದ್ದಕ್ಕೆ, ಹಾಗಾದರೆ ಇನ್ನು ಮುಂದೆ ಆಗುತ್ತೆ ಅಂದರು! ಊಟಿಯಲ್ಲಿ ಒಬ್ಬಾಕೆ ನಾಲಿಗೆ ತೋರಿಸಿ ಅಂದಳು!"

ನಾನು ಮಾಮಿಯ ಕಡೆ ತಿರುಗಿದೆ. ಅವಳು ಆಕಾಶ ನೋಡುತ್ತಿದ್ದಳು. ಘಾಟಿಯಲ್ಲಿ ತೀರ್ಪುಗಾರರಿಗೆ ತಲೆ ಸುತ್ತಿ ಅವರು ಹಿಂದಿರುಗಿ ಹೋದರೆ ನನ್ನ ಗತಿಯೇನು? ಅದಕ್ಕೇ ದಾರಿಯುದ್ದದ ಎಕ್ಸ್‌ಚೇಂಜುಗಳಲ್ಲಿದ್ದ ತನ್ನ ಗೆಳತಿಯರಿಗೆಲ್ಲ ಹೇಳಿಟ್ಟಿದ್ದಳು. ಅವರು ತಮ್ಮ ತಮ್ಮ ತಮ್ಮಂದಿರನ್ನು, ಭಾವಂದಿರನ್ನು ರಸ್ತೆಗೆ ನಿಲ್ಲಿಸಿದ್ದರು. ಆ ಕಾಲದಲ್ಲಿ ಘಾಟಿ ಹತ್ತುತ್ತಿದ್ದ ಕಾರುಗಳಲ್ಲಿ ಬಿಳಿ ಅಂಬಾಸಡರ್ ಅಲ್ಲದ್ದು ಯಾವುದಿತ್ತು? ಊಟಿಗೆ ಹೊರಟಿದ್ದ ಹೊಸ ಗಂಡಹೆಂಡಿರು, ತಪಾಸಣೆಗೆ ಹೊರಟಿದ್ದ ಸರಕಾರಿ ಸಾಹೇಬರು, ಎಲ್ಲರಿಗೂ ಅಂದು ನಿಂಬೆಹಣ್ಣು ಸಿಕ್ಕಿತಂತೆ.

ಪ್ರಶಸ್ತಿ ಅಲ್ಲಿಗೇ ಅರ್ಧ ಹೋಯಿತು ಎಂದುಕೊಂಡೆ. ಉಳಿದರ್ಧ ಶಾಲೆಯ ಹಿಂದೆ ಕಾದಿತ್ತು.

ಇಳಿಜಾರಿನ ಅಂಚಿನಲ್ಲಿ ನಿಂತು ನಕ್ಷೆ ಬಿಡಿಸಿದೆ. ನಾಲ್ಕು ಮಾತು ಆಡುವಷ್ಟರಲ್ಲಿ ಮಂಜು ಕವಿದು ಸಣ್ಣ ಮಳೆ ಹನಿಯಿತು. ತಿರುಗಿ ನೋಡಿದರೆ ಮಾಮಿ ಓಡೋಡಿ ಬರುತ್ತಿದ್ದಾಳೆ. ಕೈಯಲ್ಲಿ ಹಸು ಕಟ್ಟುವ ಹಗ್ಗ!

"ಸಾರ್, ಒಂದು ನಿಮಿಷ, ಕೈ ಎತ್ತಿ" ಎಂದಳು. ಪ್ರೊಫೆಸರು ಏನೆಂದು ತಿಳಿಯದೆ ಕೈ ಎತ್ತಿದರು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಅವರ ಸೊಂಟಕ್ಕೆ ಹಗ್ಗ ಬಿದ್ದಿತ್ತು. ಅದರ ಇನ್ನೊಂದು ತುದಿಯನ್ನು ಶಾಲೆಯ ಬಾವುಟದ ಕಂಬಕ್ಕೆ ಆಗಲೇ ಕಟ್ಟಿ ಬಂದಿದ್ದಳು.

"ಇದೇನಮ್ಮಾ ಇದು?"

"ಮಣ್ಣು ಹಸಿ ಆಯ್ತು ಸಾರ್. ಜಾರಿದ್ರೆ? ನೀವು ದೊಡ್ಡ ಆಳು ಬೇರೆ."

ಮೇಡಂ ಮಾತಿಲ್ಲದೆ ತಾವೇ ಕೈ ಎತ್ತಿದರು. ಅವರಿಗೂ ಅದೇ ಹಗ್ಗದ ಒಂದು ಸುತ್ತು ಬಿತ್ತು. ನನಗೆ ಆ ಇಳಿಜಾರು ಆಗಲೇ ಕುಸಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಕುಸಿಯಲಿಲ್ಲ. ಬೇಕಾದಾಗ ಅದು ಎಲ್ಲಿ ಕುಸಿಯುತ್ತದೆ!

ಪ್ರೊಫೆಸರು ಕಂಬವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿನ್ನ ವಿನ್ಯಾಸ ಅಷ್ಟು ಭದ್ರವಾದದ್ದಾದರೆ, ನಿಮ್ಮ ಅತ್ತೆ ನಮ್ಮನ್ನು ಯಾಕಮ್ಮಾ ಕಟ್ಟಿಹಾಕಿದ್ದಾರೆ?"

ತಿಂಗಳುಗಟ್ಟಲೆ ಉರುಹೊಡೆದಿದ್ದ ಉತ್ತರಗಳಲ್ಲಿ ಈ ಪ್ರಶ್ನೆಗೆ ಒಂದೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಸಾರ್, ವಿನ್ಯಾಸ ಇನ್ನೂ ಕಾಗದದ ಮೇಲಿದೆ. ನೆಲದ ಮೇಲೆ ಇರೋದು ಮಾಮಿಯ ಹೆದರಿಕೆ. ಇಲ್ಲಿ ಮಕ್ಕಳನ್ನು ಕಳಿಸೋ ತಾಯಂದಿರಿಗೆಲ್ಲ ಇದೇ ಹೆದರಿಕೆ ಇದೆ. ಅವರು ನಿಶ್ಚಿಂತೆಯಾಗಿ ಮಕ್ಕಳನ್ನು ಆಡೋಕೆ ಬಿಟ್ಟರೆ, ಅವತ್ತು ನನ್ನ ವಿನ್ಯಾಸ ಪಾಸು."

ತೀರ್ಪುಗಾರರಿಬ್ಬರೂ ಹಗ್ಗ ಬಿಚ್ಚಿಸಿಕೊಂಡು, ಅವರೆಕಾಳಿನ ಸಾರಿನಲ್ಲಿ ಊಟ ಮಾಡಿ, ಸೋಮವಾರ ಸಂಜೆಯೊಳಗೆ ಫೋನ್ ಮಾಡುತ್ತೇವೆಂದು ಹೊರಟರು. ಆ ರಾತ್ರಿ ಮಾಮಿ ನನ್ನ ಹತ್ತಿರ ಬಂದು, "ನಾ ಏನಾದ್ರೂ ಕೆಡಿಸಿದ್ನಾ?" ಎಂದಳು. "ಇಲ್ಲ" ಎಂದೆ. ನಂಬಲಿಲ್ಲ ಅವಳು. ನಾನೂ ನಂಬಿರಲಿಲ್ಲ.

ಸೋಮವಾರ ಬಂತು. ಮನೆಯಲ್ಲಿ ಫೋನ್ ಇರಲಿಲ್ಲ. ಊರ ಅಂಗಡಿಯ ನಂಬರು ಕೊಟ್ಟಿದ್ದೆ. ಮದರಾಸಿನ ಕರೆ ಊಟಿ ಎಕ್ಸ್‌ಚೇಂಜಿಗೆ ಬಂದು, ಅಲ್ಲಿಂದ ಆಪರೇಟರು ಅಂಗಡಿಗೆ ಕೊಡಬೇಕು. ಮಾಮಿ ಯಾರನ್ನೋ ಕಾಡಿಬೇಡಿ ಆ ಹೊತ್ತಿನ ಡ್ಯೂಟಿ ತನಗೇ ಹಾಕಿಸಿಕೊಂಡಿದ್ದಳು. ನಾನು ಮಧ್ಯಾಹ್ನದಿಂದಲೇ ಅಂಗಡಿಯಲ್ಲಿ ಬೆಲ್ಲದ ಡಬ್ಬದ ಪಕ್ಕ ಕೂತೆ.

ಫೋನು ಬಡಿದುಕೊಂಡಿತು. ಎತ್ತಿದರೆ ಮಾಮಿ!

"ಫೋನ್ ಸರಿ ಇದೆಯಾ ಅಂತ ನೋಡ್ದೆ."

ಇಟ್ಟೆ. ಮತ್ತೆ ಬಡಿಯಿತು. ಮತ್ತೆ ಮಾಮಿ. "ರಿಸೀವರ್ ಸರಿಯಾಗಿ ಇಟ್ಟಿದ್ದೀಯಾ?"

"ಮಾಮಿ! ನೀನೇ ಮಾಡ್ತಾ ಇದ್ರೆ ಅವರದ್ದು ಹೇಗೆ ಬರುತ್ತೆ?"

"ಅದಕ್ಕೇ ಮಾಡಿದ್ದು ಕೂಸೇ, ಲೈನ್ ಖಾಲಿ ಇದೆಯಾ ಅಂತ ನೋಡೋಕೆ."

ಸಂಜೆಯಾಯಿತು. ಅಂಗಡಿಯ ಅಜ್ಜ ದೀಪ ಹಚ್ಚಿದರು. ಇನ್ನು ಬರುವುದಿಲ್ಲ ಎಂದುಕೊಂಡು ಎದ್ದೆ. ಆಗ ಫೋನು ಬಡಿಯಿತು. ಈ ಸಲ ಮಾಮಿಯ ದನಿ ಗುರುತೇ ಸಿಗಲಿಲ್ಲ, ಯಾರೋ ಅಪರಿಚಿತಳಂತೆ, "ಮದರಾಸಿನಿಂದ ಕಾಲ್. ಮಾತಾಡಿ" ಎಂದಳು.

ಅತ್ತ ಕಡೆ ಇದ್ದದ್ದು, ಇತ್ತಲಾರಿನಲ್ಲಿ ಒಂದು ಮಾತೂ ಆಡದ ಆ ಮೇಡಂ. "ನಿನಗೇ ಕೊಟ್ಟಿದ್ದೇವಮ್ಮಾ. ಕೊನೆಯ ವರ್ಷ ಚೆನ್ನಾಗಿ ಓದು" ಎಂದರು. ನಾನು ಏನೆಂದೆನೋ ನೆನಪಿಲ್ಲ. ಅವರು ಫೋನ್ ಇಟ್ಟ ಸದ್ದು ಕೇಳಿತು.

ಆದರೆ ಲೈನು ಸತ್ತಿರಲಿಲ್ಲ. ಯಾರೋ ಉಸಿರಾಡುತ್ತಿದ್ದರು. ಜನರ ಮಾತಿಗೆ ಆಪರೇಟರು ಕಿವಿಗೊಡುವಂತಿಲ್ಲ.

"ಮಾಮಿ, ಇದ್ದೀಯಾ?"

"ಇಲ್ಲೆ" ಎಂದಳು ಮಾಮಿ. ಇಲ್ಲ ಅನ್ನುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತೇವೆ.

ನನಗೆ ನಗು ಬಂತು. "ಕೇಳಿಸ್ಕೊಂಡೆಯಾ?"

"ಇಲ್ಲೆ, ನಾ ಏನೂ ಕೇಳ್ಲಿಲ್ಲೆ. ನೀ ಹೇಳು."

"ಬಂತು ಮಾಮಿ."

ಅತ್ತಲಿಂದ ಮೂಗೆಳೆಯುವ ಸದ್ದು ಬಂತು. ಅಳುತ್ತಿದ್ದಾಳೆಂದು ಗೊತ್ತಾಯಿತು. ಅವಳೆದುರಿನ ಬೋರ್ಡಿನಲ್ಲಿ ಎಷ್ಟು ಕರೆಗಳ ದೀಪ ಹತ್ತಿ ಕಾಯುತ್ತಿದ್ದವೋ, ಗೂಡಲೂರಿನವರು, ಕೂನೂರಿನವರು ಎಷ್ಟು ಜನ ಹಲೋ ಹಲೋ ಎನ್ನುತ್ತಿದ್ದರೋ. ಕೊನೆಗೆ ಮೆಲ್ಲಗೆ ಹೇಳಿದಳು:

"ನೀ ಅಲ್ಲಿಗೆ ಓದೋಕೆ ಹೋದಾಗಿಂದ, ಈ ಬೋರ್ಡಲ್ಲಿ ಮದರಾಸ್ ಲೈಟ್ ಹತ್ತಿದಾಗಲೆಲ್ಲಾ ನೀನೇ ಅಂದ್ಕಂಡು ಪ್ಲಗ್ ಹಾಕ್ತೀನಿ ಕೂಸೇ. ಆದ್ರೆ ಯಾರೋ ಬೇರೆಯವ್ರು ಇರ್ತಾರೆ."

ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು. ಅಂಗಡಿಯ ಅಜ್ಜ ಬಾಗಿಲು ಹಾಕಲು ಹಲಗೆ ಎತ್ತಿಕೊಂಡು ಬಂದು, ಸುಮ್ಮನೆ ನಿಂತಿದ್ದ ನನ್ನನ್ನು ನೋಡಿ, "ಮಾತು ಮುಗೀತಾ ಕೂಸೇ?" ಎಂದರು.

"ಇಲ್ಲ ಅಜ್ಜಾ, ಇನ್ನೂ ಮಾತಾಡ್ತಾ ಇದ್ದೀವಿ" ಎಂದೆ.