ಕರಡಿ ಬಾರದ ಟೆಂಟು

ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ನಡುವೆ ಒಂದು ಫಜೀತಿ ತಾನಾಗಿ ಬಂದು ಕುಳಿತುಕೊಳ್ಳುತ್ತದೆ. ಕರೆಯುವ ಅಗತ್ಯವೇ ಇಲ್ಲ.

ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಸಿಗ್ನಲ್ ರಿಪೇರಿ ನನ್ನ ಕೆಲಸ. ಐವತ್ತರ ಹತ್ತಿರ ಬಂದ ಮೇಲೆ ಒಂದು ದೊಡ್ಡ ಮೋಟಾರ್ ಸೈಕಲ್ ತಗೊಂಡೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸುತ್ತಬೇಕು, ಚೆಂದ ಕಂಡಲ್ಲಿ ಟೆಂಟು ಹಾಕಿ ಮಲಗಬೇಕು ಅನ್ನುವುದು ಮದುವೆಯಾದಾಗಿನಿಂದ ಇದ್ದ ಆಸೆ. ಊರಲ್ಲಿ ಬ್ಲೌಸ್ ಹೊಲಿಯುವ ನನ್ನ ಹೆಂಡತಿಗೆ ಬೈಕಿನ ಭಯ ಇಲ್ಲ, ಕರಡಿಯ ಭಯ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಕರಡಿ ಇರುವುದು ಸುಳ್ಳೂ ಅಲ್ಲ.

"ಬಟ್ಟೆ ಮನೇಲಿ ಮಲಗು ಅಂತೀರಲ್ಲ, ಕರಡಿಗೆ ಜಿಪ್ ಎಳೆಯೋದೇನು ಕಷ್ಟನಾ?" ಅಂದಳು. "ನಾನು ಕಣ್ತುಂಬ ನಿದ್ದೆ ಮಾಡೋ ಅಂಥ ಟೆಂಟ್ ತರ್ರಿ, ಬರ್ತೀನಿ. ಇಲ್ಲಾಂದ್ರೆ ಒಬ್ರೇ ಹೋಗ್ರಿ."

ಒಬ್ಬನೇ ಹೋಗುವುದಿದ್ದರೆ ನಾನು ಬೈಕೇ ತಗೊಳ್ಳುತ್ತಿರಲಿಲ್ಲ.

೧. ಯಾವ ಊರಿನ ಇಬ್ಬರು?

ಚಿತ್ರದುರ್ಗದ ಅಂಗಡಿಗೆ ಹೋಗುವಾಗ ಜೊತೆಗೆ ಕೆಲಸ ಮಾಡುವ ಗೆಳೆಯನನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಒಬ್ಬನೇ ಎರಡು ಸೀಟು ಹಿಡಿಯುವ ಆಸಾಮಿ. ಅಂಗಡಿಯವರು ಒಂದು ಟೆಂಟು ಬಿಚ್ಚಿ ನಿಲ್ಲಿಸಿ, "ಇದು ಇಬ್ಬರಿಗೆ ಸಾಕು" ಅಂದರು.

"ಯಾವ ಊರಿನ ಇಬ್ಬರಿಗೆ?" ಎಂದ ಗೆಳೆಯ.

ಬಾಯಿಮಾತಿನ ಅಳತೆ ನಂಬುವವನಲ್ಲ ಅವನು. ಚಪ್ಪಲಿ ಬಿಟ್ಟು ಒಳಗೆ ತೂರಿ ಉದ್ದಕ್ಕೆ ಮಲಗಿದ. ಬರುವ ದಾರಿಯಲ್ಲಿ ಇಬ್ಬರೂ ಮುದ್ದೆ ಊಟ ಮುಗಿಸಿದ್ದೆವು. ನಾನು ಕಂಬಿ, ಗೂಟ ನೋಡಿ ಈ ಕಡೆ ತಿರುಗುವಷ್ಟರಲ್ಲಿ ಒಳಗಿನಿಂದ ಗೊರಕೆ ಕೇಳಿಸಿತು. ಬಂದ ಗಿರಾಕಿಗಳೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು. ನನಗೆ ಮರ್ಯಾದೆ ಹೋದಂತಾಗಿ ಅವನ ಕಾಲು ಹಿಡಿದು ಎಳೆಯಲು ಹೋದೆ.

ಅಂಗಡಿಯವರು ನನ್ನ ಕೈ ಹಿಡಿದುಕೊಂಡರು. "ಎಬ್ಬಿಸಬ್ಯಾಡ್ರಿ ಸಾರ್. ಅವರು ಮಲಗಿದ ಮೇಲೆ ಎರಡು ಟೆಂಟ್ ಹೋದ್ವು. ಇನ್ನೊಂದು ಗಂಟೆ ಮಲಗ್ಲಿ, ಟೀ ನಾನು ತರಿಸ್ತೀನಿ."

೨. ಹೊಲಿಗೆಯ ಪರೀಕ್ಷೆ

ಮುಂದಿನ ವಾರ ಹೆಂಡತಿಯನ್ನೇ ಕರೆದುಕೊಂಡು ಹೋದೆ. "ಎಂಥ ಮಳೆ ಬಂದ್ರೂ ಒಂದು ಹನಿ ಇಳಿಯಲ್ಲಮ್ಮ" ಎಂದು ಅಂಗಡಿಯವರು ಶುರು ಮಾಡಿದರು. ಇವಳು ಕನ್ನಡಕ ಹಾಕಿಕೊಂಡು ಟೆಂಟನ್ನು ಬ್ಲೌಸಿನ ಥರ ಒಳಗು ಹೊರಗು ಮಾಡಿ ಹೊಲಿಗೆ ನೋಡಿದಳು.

"ಸೂಜಿ ಹೋದ ತೂತೆಲ್ಲ ಹಂಗೇ ಅವೆ. ನೀರಿಳಿಯಲ್ವಾ?"

"ಕಂಪನಿ ಹೊಲಿಗೆ ಅಮ್ಮ."

"ಹಂಗಾದ್ರೆ ನೀವು ಒಳಗೆ ಕುಂತ್ಕಳ್ರಿ."

ಪಾಪ, ಅವರು ಧೈರ್ಯವಾಗಿ ಒಳಗೆ ಹೋಗಿ ಕುಳಿತರು. ಇವಳು ಮೇಜಿನ ಮೇಲಿದ್ದ ಜಗ್ಗಿನ ನೀರನ್ನು ಹೊಲಿಗೆಯ ಮೇಲೆ ಸಣ್ಣಗೆ ಬಿಟ್ಟಳು. ಅವರು ಹೊರಗೆ ಬಂದಾಗ ಹಣೆಯ ವಿಭೂತಿ ಮೂಗಿನ ತನಕ ಇಳಿದಿತ್ತು. ಸೀದಾ ಒಳಕೋಣೆಗೆ ಹೋಗಿ, ಹೊಲಿಗೆಗೆಲ್ಲ ಪಟ್ಟಿ ಅಂಟಿಸಿದ್ದ ಬೇರೆ ಟೆಂಟು ತಂದು ನಿಲ್ಲಿಸಿದರು. ಇವಳು ಮತ್ತೆ ಜಗ್ಗು ಎತ್ತಿದಳು.

"ಇದು ಖಂಡಿತ ಸೋರಲ್ಲಮ್ಮ" ಎಂದರು ಅವರು ತಲೆ ಒರೆಸಿಕೊಳ್ಳುತ್ತ. "ಆದ್ರೆ ಈ ಸಲ ಸಾರ್ ಕುಂತ್ಕಳ್ಳಿ."

ಕುಳಿತೆ. ನೆನೆಯಲಿಲ್ಲ. ಆ ಟೆಂಟನ್ನೇ ತಗೊಂಡೆವು. ಮನೆಗೆ ಬಂದ ಮೇಲೆ ಇವಳು, "ಮಳೆಗೆ ಪಾಸಾಯ್ತು. ಕರಡಿ ಪರೀಕ್ಷೆ ಇನ್ನೂ ಐತೆ" ಅಂದಳು.

೩. ಫ್ಯಾನಿನ ಗುಡ್ಡ

ಟೆಂಟು ಹಾಕುವುದು ನನಗೆ ಬರುತ್ತದೆ ಎಂದು ತೋರಿಸಿದರೆ ಇವಳ ಧೈರ್ಯ ಹೆಚ್ಚೀತು ಅನ್ನಿಸಿತು. ಅಭ್ಯಾಸಕ್ಕೆಂದು ಗೆಳೆಯನ ಜೊತೆ ಗಾಳಿಯಂತ್ರಗಳಿರುವ ಒಂದು ಗುಡ್ಡ ಹತ್ತಿದೆ. ಆಷಾಢ ಮಾಸ. ನಮ್ಮ ಕಡೆಯ ನೆಲ ಗೊತ್ತಲ್ಲ, ಮಣ್ಣಿಗಿಂತ ಬಂಡೆಯೇ ಜಾಸ್ತಿ. ಎಂಟು ಗೂಟದಲ್ಲಿ ಆರು ಸೊಟ್ಟಗಾದವು, ಎರಡು ಎಲ್ಲಿ ಹಾರಿದವೋ ಸಿಗಲಿಲ್ಲ. ಗೆಳೆಯನನ್ನು ಒಳಗೆ ಕೂರಿಸಿದೆ. ಅವನು ಕುಳಿತಿರುವವರೆಗೆ ಎಲ್ಲ ಸರಿಯಿತ್ತು. ಆದರೆ ಅವನಿಗೆ ಫೋನ್ ಬಂತು, ಮಾತಾಡಲು ಹೊರಗೆದ್ದ.

ಟೆಂಟು ನಮ್ಮನ್ನು ಬಿಟ್ಟು ಹೊರಟಿತು. ಇಬ್ಬರೂ ಏದುಸಿರು ಬಿಡುತ್ತ ಹಿಂದೆ ಓಡಿದೆವು. ಕೆಳಗೆ ಕುರಿ ಮೇಯಿಸುತ್ತಿದ್ದ ಅಜ್ಜ ಅದನ್ನು ಕೋಲಿನಿಂದ ಅದುಮಿ ಹಿಡಿದುಕೊಂಡು ನಿಂತಿದ್ದ. ಗಾಳಿಗೆ ಬೆನ್ನು ಮಾಡಿ ಹಾಕಬೇಕು, ಒಳಗೆ ನಾಲ್ಕು ಮೂಲೆಗೆ ಕಲ್ಲು ಇಡಬೇಕು ಎಂದು ಹೇಳಿಕೊಟ್ಟ. ಆಮೇಲೆ ತಿರುಗುವ ಫ್ಯಾನುಗಳನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದ.

"ಎಲ್ಲಿ ಗಾಳಿ ಜಾಸ್ತಿ ಐತೆ ಅಂತ ಆ ಕಂಪ್ನಿಯೋರು ವರ್ಷಗಟ್ಲೆ ಹುಡುಕಿ ಇಲ್ಲಿ ಫ್ಯಾನ್ ನೆಟ್ರು ಸ್ವಾಮಿ. ನೀವು ಒಂದೇ ದಿನಕ್ಕೆ ಕಂಡುಹಿಡಿದ್ರಿ, ಬುದ್ಧಿವಂತರು."

೪. ಹಾಲುಕ್ಕಿಸಿದ್ದು

ಇಷ್ಟೆಲ್ಲ ಆಗುವುದನ್ನು ನಮ್ಮವ್ವ ನೋಡುತ್ತಲೇ ಇದ್ದಳು. ಒಂದು ದಿನ ಕೇಳಿದಳು: "ಹೊಸ ಸೂರಿನ ಕೆಳಗೆ ಹಾಲುಕ್ಕಿಸದೆ ಮಲಗ್ತಾರೇನಪ್ಪ?" ಅದು ಮನೆಯಲ್ಲ ಎಂದೆ. "ಬಾಗಿಲೈತೆ, ಸೂರೈತೆ, ಗಂಡ ಹೆಂಡ್ತಿ ಮಲಗ್ತೀರಿ. ಇನ್ನೇನು ಬೇಕು ಮನೆ ಅನ್ನಾಕೆ?" ಎಂದಳು.

ತಾರಸಿಯ ಮೇಲೆ ಟೆಂಟು ಹಾಕಿಸಿ, ಬಾಗಿಲು ಪೂರ್ವಕ್ಕೆ ತಿರುಗಿಸಿ, ಮಾವಿನ ತೋರಣ ಕಟ್ಟಿಸಿದಳು. ಪೂಜೆಗೆ ಅಯ್ಯನವರು ಬಂದು ಹೊಸ್ತಿಲು ಹುಡುಕಿದರು, ಸಿಗದೆ ಜಿಪ್ಪಿಗೇ ಅರಿಶಿನ ಕುಂಕುಮ ಹಚ್ಚಿದರು. ಅವ್ವ ಫೋನಿನಲ್ಲಿ "ಮಗ ಹೊಸದೊಂದು ಮಾಡ್ಯಾನೆ, ಹಾಲುಕ್ಕಿಸೋದೈತೆ, ಬರ್ರಿ" ಎಂದಷ್ಟೇ ಹೇಳಿದ್ದಳು. ಹರಿಯಬ್ಬೆ, ಹೊಳಲ್ಕೆರೆಯಿಂದ ನೆಂಟರು ಬಂದರು. ಗೃಹಪ್ರವೇಶಕ್ಕೆ ನಮ್ಮವರು ಏನು ತರುತ್ತಾರೋ ಅದನ್ನೇ ತಂದಿದ್ದರು. ಐದು ಗೋಡೆ ಗಡಿಯಾರ, ಎಲ್ಲವೂ ಗಂಟೆಗೊಮ್ಮೆ ಹಾಡುವಂಥವು. ಗಡಿಯಾರ ಐದು, ಗೋಡೆ ಒಂದೂ ಇಲ್ಲ.

ಹಾಲುಕ್ಕಿಸಿದ ಮನೆಯನ್ನು ಮೊದಲ ರಾತ್ರಿ ಖಾಲಿ ಬಿಡಬಾರದು, ಉಡುಗೊರೆಯೂ ಅಲ್ಲೇ ಇರಬೇಕು ಎಂದು ಅವ್ವ ತೀರ್ಪು ಕೊಟ್ಟಳು. ನೆಂಟರೆದುರು ನನ್ನ ಹೆಂಡತಿ ಇಲ್ಲ ಅನ್ನಲಾರದೆ ಮಲಗಿದಳು.

ಬೆಳಿಗ್ಗೆ ನನ್ನ ಕಣ್ಣು ಕೆಂಡವಾಗಿದ್ದವು. ಗಂಟೆಗೊಮ್ಮೆ ಐದೂ ಗಡಿಯಾರ ಒಂದರ ಹಿಂದೊಂದು ಹಾಡಿದ್ದವು. ಇವಳ ಮುಖ ಮಾತ್ರ ಅರಳಿತ್ತು.

"ಇಷ್ಟು ಗಲಾಟೆಗೆ ಯಾವ ಕರಡಿ ಬರುತ್ತೆ ಹೇಳ್ರಿ. ಚಿಂತೆ ಇಲ್ದೆ ನಿದ್ದೆ ಮಾಡಿದೆ. ನಡೀರಿ, ಹೋಗಾಣ. ಐದನ್ನೂ ಕಟ್ಕಳ್ರಿ."

ಆ ಶನಿವಾರವೇ ಹೊರಟೆವು. ಮಾರಿಕಣಿವೆ ಡ್ಯಾಮಿನ ಹಿನ್ನೀರಿನ ದಂಡೆ, ಪರಿಚಯದವರ ತೋಟದ ಅಂಚು. ಅಲ್ಲಿ ಆಗಲೇ ನಾಲ್ಕು ಜನ ಬೈಕಿನವರು ಭಾರೀ ಟೆಂಟುಗಳನ್ನು ಹಾಕಿಕೊಂಡಿದ್ದರು. ನಮ್ಮದನ್ನು ನೋಡಿ, ಒಳ್ಳೆ ಟೆಂಟು ಹೇಗೆ ಆರಿಸಬೇಕು ಎಂದು ನನಗೆ ಪಾಠ ಹೇಳಿದರು. ಇವಳು ಜಾಲಿಮರಕ್ಕೆ ಮೂರು, ಬೈಕಿನ ಹ್ಯಾಂಡಲಿಗೆ ಎರಡು ಗಡಿಯಾರ ನೇತುಹಾಕಿದಾಗ ಪಾಠ ನಿಂತಿತು.

ಬೆಳಿಗ್ಗೆ ಜಿಪ್ಪು ಎಳೆದು ನೋಡಿದರೆ ದಂಡೆ ಖಾಲಿ. ಅವರ ಟೆಂಟುಗಳು ದೂರದಲ್ಲಿ, ನೀರಿನ ಆಚೆ ಕಾಣುತ್ತಿದ್ದವು. ಇವಳು ನೀರಲ್ಲಿ ಕಾಲು ಇಳಿಬಿಟ್ಟು ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ. ಇಷ್ಟು ವರ್ಷ ಬಯಸಿದ್ದು ಇದನ್ನೇ, ನನಗೆ ತುಂಬ ಸಂತೋಷವಾಗಿತ್ತು.

"ನಾವಿಬ್ರೇ ಹಿಂಗೆ ಕುಂತು ಎಷ್ಟು ವರ್ಷ ಆಗಿತ್ತು ಅಲ್ವೇನ್ರಿ" ಎಂದಳು. ಆಮೇಲೆ ಆಚೆ ದಡ ನೋಡಿ ಹೇಳಿದಳು: "ಟೆಂಟ್ ಬಲು ಚೆನ್ನಾಗೈತೆ. ಕರಡಿ ಇರ್ಲಿ, ಮನುಷ್ಯರೂ ಹತ್ರ ಬರಲ್ಲ."